ಮನೆಯ ಸಾಧಾರಣ ಗಣಕಯಂತ್ರದಲ್ಲಿ ಸಂಗೀತ ಧ್ವನಿಮುದ್ರಣ: ಒಂದು ವ್ಯಾವಹಾರಿಕ ಅಧ್ಯಯನ

ಸಣ್ಣ ವರ್ತಕರ ಹಾಗೂ ಕಿರು ಉದ್ಯಮಿಗಳ ಮನೆಗಳಲ್ಲಿ ಗಣಕಯಂತ್ರವು ಒಂದೇ ಕೆಲಸಕ್ಕೆ ಮೀಸಲಾಗಿರುವುದು ಅಪರೂಪ. ಹಗಲಿನಲ್ಲಿ ಬಿಲ್ಲು ಹಾಗೂ ಖಾತೆಗಳ ಕೆಲಸಕ್ಕೆ ಬಳಕೆಯಾಗುವ ಯಂತ್ರವೇ ಸಂಜೆ ಮಕ್ಕಳ ಅಭ್ಯಾಸಕ್ಕೂ ಮನರಂಜನೆಗೂ ಒದಗುತ್ತದೆ. ಇಂಥ ಮನೆಯಲ್ಲಿ ಸಂಗೀತ ಕಲಿತ ಮಗನೋ ಮಗಳೋ ಇದ್ದರೆ, ಅಥವಾ ಅಂಗಡಿಗೆ ಒಂದು ಜಾಹೀರಾತು ಗೀತೆ ಬೇಕೆನಿಸಿದರೆ, ಈ ಯಂತ್ರದಲ್ಲಿಯೇ ಹಾಡನ್ನು ಮುದ್ರಿಸಿಕೊಳ್ಳಬಹುದೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಮಾರಾಟಗಾರರನ್ನು ಕೇಳಿದರೆ ಹೊಸ, ದುಬಾರಿ ಯಂತ್ರವೇ ಬೇಕೆಂಬ ಉತ್ತರ ದೊರೆಯುವುದುಂಟು. ಪರಿಚಿತ ಯುವಕರನ್ನು ಕೇಳಿದರೆ, ಸಾವಿರಾರು ರೂಪಾಯಿ ಬೆಲೆಯ ತಂತ್ರಾಂಶವನ್ನು ಹಣ ಕೊಡದೆ ಹಾಕಿಕೊಡುವ ಭರವಸೆ ಸಿಗುವುದೂ ಉಂಟು. ಮೊದಲನೆಯ ಸಲಹೆ ಬಂಡವಾಳವನ್ನು ತಪ್ಪು ಕಡೆಗೆ ಹರಿಸುತ್ತದೆ. ಎರಡನೆಯದು ವ್ಯಾಪಾರದ ಲೆಕ್ಕಪತ್ರಗಳನ್ನೇ ಅಪಾಯಕ್ಕೆ ಒಡ್ಡುತ್ತದೆ. ಆದುದರಿಂದ ಈ ವಿಷಯವನ್ನು ಅಂಕಿಗಳ ಆಧಾರದ ಮೇಲೆ ಪರಿಶೀಲಿಸುವುದು ಉಚಿತ.

1. ಧ್ವನಿಯ ಲೆಕ್ಕ

ಧ್ವನಿಯು ಗಣಕಯಂತ್ರವನ್ನು ಪ್ರವೇಶಿಸುವಾಗ ಅಂಕಿಗಳಾಗಿ ಮಾರ್ಪಡುತ್ತದೆ. ಮೈಕಿನಿಂದ ಬಂದ ವಿದ್ಯುತ್ ಸಂಕೇತವನ್ನು ಪ್ರತಿ ಸೆಕೆಂಡಿಗೆ ಸಾವಿರಾರು ಬಾರಿ ಅಳೆದು, ಪ್ರತಿ ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದಿಡಲಾಗುತ್ತದೆ. ದಿನದ ಕೊನೆಯಲ್ಲಿ ಶಿಲ್ಕನ್ನು ಬರೆದಿಟ್ಟಂತೆ, ಇಲ್ಲಿ ಸೆಕೆಂಡಿನ ಸಾವಿರಾರು ಕ್ಷಣಗಳ ಶಿಲ್ಕು ದಾಖಲಾಗುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕ್, ಅಂದರೆ ಸಿ.ಡಿ., ಸೆಕೆಂಡಿಗೆ 44,100 ಅಳತೆಗಳನ್ನು ನಿಗದಿಪಡಿಸಿತು. ಮನುಷ್ಯನ ಕಿವಿ ಸ್ಥೂಲವಾಗಿ 20ರಿಂದ 20,000 ಹರ್ಟ್ಸ್‌ವರೆಗಿನ ಧ್ವನಿಯನ್ನು ಗ್ರಹಿಸುತ್ತದೆ. ಅತ್ಯುನ್ನತ ಕಂಪನದ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆದರೆ ಮೂಲ ಸಂಕೇತವನ್ನು ಪುನಃ ಪಡೆಯಬಹುದೆಂಬುದು ಈ ಶಾಸ್ತ್ರದ ಮೂಲ ನಿಯಮ. 44,100 ಎಂಬ ಸಂಖ್ಯೆ ಆ ನಿಯಮವನ್ನು ಪೂರೈಸುತ್ತದೆ.

ಪ್ರತಿ ಅಳತೆಯ ಸೂಕ್ಷ್ಮತೆ ಇನ್ನೊಂದು ಅಂಶ. ಲೆಕ್ಕವನ್ನು ರೂಪಾಯಿಗೆ ಸರಿಹೊಂದಿಸಿ ಬರೆಯುವುದಕ್ಕೂ ಪೈಸೆಯವರೆಗೆ ಬರೆಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಸಿ.ಡಿ.ಯ 16 ಬಿಟ್ ಅಳತೆಯಲ್ಲಿ 65,536 ಮೆಟ್ಟಿಲುಗಳಿವೆ. ಇಂದು ರೂಢಿಯಲ್ಲಿರುವ 24 ಬಿಟ್ ಅಳತೆಯಲ್ಲಿ 1,67,77,216 ಮೆಟ್ಟಿಲುಗಳಿವೆ. ಇದರ ಪ್ರಯೋಜನವೆಂದರೆ, ಗಾಯಕರ ಧ್ವನಿ ಏಕಾಏಕಿ ಏರಿದರೂ ಮುದ್ರಣ ಒಡೆಯದಂತೆ ಧ್ವನಿಮಟ್ಟವನ್ನು ತುಸು ಕೆಳಗಿಟ್ಟು ಮುದ್ರಿಸಿಕೊಳ್ಳಬಹುದು. ಅನಂತರ ಏರಿಸಿಕೊಂಡರೂ ಸೂಕ್ಷ್ಮತೆ ನಷ್ಟವಾಗುವುದಿಲ್ಲ.

ಈಗ ಒಂದು ಉದಾಹರಣೆಯನ್ನು ಪರಿಗಣಿಸಬಹುದು. ಒಂದು ಭಾವಗೀತೆಗೆ ಗಾಯಕಿ, ಹಾರ್ಮೋನಿಯಂ ಹಾಗೂ ತಬಲಾ ಇದ್ದು, ತಬಲಾಕ್ಕೆ ಎರಡು ಮೈಕುಗಳನ್ನು ಇಟ್ಟರೆ ಒಟ್ಟು ನಾಲ್ಕು ಮೈಕುಗಳಾಗುತ್ತವೆ. ಸೆಕೆಂಡಿಗೆ 48,000 ಅಳತೆ, ಪ್ರತಿ ಅಳತೆಗೆ 24 ಬಿಟ್, ಅಂದರೆ 3 ಬೈಟ್ ಎಂದಿಟ್ಟುಕೊಂಡರೆ ಲೆಕ್ಕ ಹೀಗಿರುತ್ತದೆ:

ಒಂದು ಮೈಕಿಗೆ: 48,000 × 3 = ಸೆಕೆಂಡಿಗೆ 1,44,000 ಬೈಟ್.
ನಾಲ್ಕು ಮೈಕಿಗೆ: ಸೆಕೆಂಡಿಗೆ 5,76,000 ಬೈಟ್.
ಒಂದು ನಿಮಿಷಕ್ಕೆ: ಸುಮಾರು 34.6 ಮೆಗಾಬೈಟ್.
ಆರು ನಿಮಿಷದ ಹಾಡಿಗೆ: ಸುಮಾರು 207 ಮೆಗಾಬೈಟ್.
ಅದೇ ಹಾಡನ್ನು ಹತ್ತು ಬಾರಿ ಹಾಡಿ ಮುದ್ರಿಸಿದರೆ: ಸುಮಾರು 2.07 ಗಿಗಾಬೈಟ್.
ಎಂಟು ಹಾಡುಗಳ ಇಡೀ ಸಂಪುಟಕ್ಕೆ: ಸುಮಾರು 16.6 ಗಿಗಾಬೈಟ್.

ಹಳೆಯ ಬಗೆಯ ತಿರುಗುವ ಹಾರ್ಡ್ ಡಿಸ್ಕ್ ಸಹ ಸೆಕೆಂಡಿಗೆ ಹತ್ತಾರು ಮೆಗಾಬೈಟ್ ಬರೆಯಬಲ್ಲದು; ಇಲ್ಲಿ ಬೇಕಾಗಿರುವುದು ಸೆಕೆಂಡಿಗೆ ಒಂದು ಮೆಗಾಬೈಟಿಗಿಂತಲೂ ಕಡಿಮೆ. ಯು.ಎಸ್.ಬಿ. 2.0 ಸಂಪರ್ಕದ ಘೋಷಿತ ಸಾಮರ್ಥ್ಯ ಸೆಕೆಂಡಿಗೆ 480 ಮೆಗಾಬಿಟ್. ನಾಲ್ಕು ಮೈಕುಗಳಿಗೆ ಅದರಲ್ಲಿ 5 ಮೆಗಾಬಿಟ್ ಸಹ ಬೇಕಾಗುವುದಿಲ್ಲ. ಅಂದಮೇಲೆ, ಧ್ವನಿಯನ್ನು ಕೇವಲ ಮುದ್ರಿಸಿಕೊಳ್ಳುವ ಕೆಲಸವು ಹತ್ತು ವರ್ಷ ಹಳೆಯ ಸಾಧಾರಣ ಯಂತ್ರಕ್ಕೂ ಭಾರವಲ್ಲ ಎಂಬುದು ಅಂಕಿಗಳಿಂದಲೇ ಸಿದ್ಧವಾಗುತ್ತದೆ.

2. ಯಂತ್ರಕ್ಕೆ ಭಾರವಾಗುವ ಕೆಲಸ ಯಾವುದು?

ಮುದ್ರಿಸುವುದು ಹಗುರವಾದರೂ ಧ್ವನಿಯನ್ನು ಸೃಷ್ಟಿಸುವುದು ಹಾಗೂ ಸಂಸ್ಕರಿಸುವುದು ಭಾರ. ಕೀಬೋರ್ಡಿನ ಒಂದು ಕೀಲಿಯನ್ನು ಒತ್ತಿದಾಗ ಪಿಟೀಲು ವೃಂದದ ನಾದ ಕೇಳಿಬರಬೇಕಾದರೆ, ಮೊದಲೇ ಮುದ್ರಿಸಿಟ್ಟ ಸಾವಿರಾರು ಧ್ವನಿ ತುಣುಕುಗಳು ಯಂತ್ರದ ಸ್ಮರಣೆಯಲ್ಲಿ, ಅಂದರೆ ರ್‍ಯಾಮಿನಲ್ಲಿ, ಸಿದ್ಧವಾಗಿರಬೇಕು. ಇಂಥ ವಾದ್ಯಗಳನ್ನು ಹತ್ತಾರು ಸೇರಿಸಿದರೆ 8 ಗಿಗಾಬೈಟ್ ಸ್ಮರಣೆ ಸಾಲದೆ ಬರಬಹುದು. ಪ್ರತಿಧ್ವನಿಯಂತಹ ಪರಿಣಾಮಗಳನ್ನು ಪ್ರತಿಯೊಂದು ಟ್ರ್ಯಾಕಿಗೂ ಪ್ರತ್ಯೇಕವಾಗಿ ಹಾಕಿದಾಗ ಪ್ರೊಸೆಸರಿನ ಮೇಲೆ ಒತ್ತಡ ಏರುತ್ತದೆ.

ಇದಕ್ಕೆ ಪರಿಹಾರ ಹಣದಲ್ಲಿ ಮಾತ್ರವಲ್ಲ, ಕೆಲಸದ ಕ್ರಮದಲ್ಲಿಯೂ ಇದೆ. ಒಂದೇ ಪ್ರತಿಧ್ವನಿ ಪರಿಣಾಮವನ್ನು ಎಲ್ಲ ಟ್ರ್ಯಾಕುಗಳೂ ಹಂಚಿಕೊಳ್ಳುವಂತೆ ಜೋಡಿಸಬಹುದು. ಸಂಸ್ಕರಣ ಮುಗಿದ ಟ್ರ್ಯಾಕನ್ನು ಸಿದ್ಧ ಧ್ವನಿಯಾಗಿ ಪರಿವರ್ತಿಸಿ ಯಂತ್ರದ ಹೊರೆಯನ್ನು ಇಳಿಸಬಹುದು. ತಂತ್ರಾಂಶಗಳಲ್ಲಿ ಇದನ್ನು ಟ್ರ್ಯಾಕನ್ನು ಫ್ರೀಜ್ ಮಾಡುವುದು ಎನ್ನುತ್ತಾರೆ. ಈ ಉಪಾಯ ಹೊಸದೇನಲ್ಲ. ಇಂಗ್ಲೆಂಡಿನ ಬೀಟಲ್ಸ್ ತಂಡ 1967ರಲ್ಲಿ ಹೊರತಂದ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಸಂಪುಟವು ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರಗಳ ಮೇಲೆ ರೂಪುಗೊಂಡಿತು. ನಾಲ್ಕೂ ಟ್ರ್ಯಾಕುಗಳು ತುಂಬಿದಾಗ ಅವುಗಳನ್ನು ಮಿಶ್ರಮಾಡಿ ಮತ್ತೊಂದು ಯಂತ್ರಕ್ಕೆ ಇಳಿಸಿ, ಉಳಿದ ಟ್ರ್ಯಾಕುಗಳಲ್ಲಿ ಹೊಸ ಧ್ವನಿಯನ್ನು ಸೇರಿಸಲಾಗುತ್ತಿತ್ತು. ಇಂದಿನ ಸಾಧಾರಣ ಗಣಕಯಂತ್ರ ನಿಭಾಯಿಸುವ ಟ್ರ್ಯಾಕುಗಳ ಸಂಖ್ಯೆ ಅದಕ್ಕಿಂತ ಹಲವು ಪಟ್ಟು ಹೆಚ್ಚು.

3. ವಿಳಂಬ ಮತ್ತು ದಾಸ್ತಾನು

ಮನೆಯಲ್ಲಿ ಮುದ್ರಣಕ್ಕೆ ತೊಡಗಿದವರನ್ನು ಹೆಚ್ಚಾಗಿ ಕಾಡುವುದು ಯಂತ್ರದ ಶಕ್ತಿಯ ಕೊರತೆಯಲ್ಲ, ವಿಳಂಬ. ಗಾಯಕಿ ಹಾಡಿದ ಧ್ವನಿ ಯಂತ್ರದೊಳಗೆ ಹೋಗಿ ಹೆಡ್‌ಫೋನಿಗೆ ಮರಳುವಷ್ಟರಲ್ಲಿ ತಡವಾದರೆ ತಾಳ ತಪ್ಪುತ್ತದೆ. ಇದರ ಕಾರಣವನ್ನು ವರ್ತಕರು ಸುಲಭವಾಗಿ ಗ್ರಹಿಸಬಲ್ಲರು, ಏಕೆಂದರೆ ಇದು ದಾಸ್ತಾನಿನ ಸಮಸ್ಯೆಯೇ ಆಗಿದೆ.

ಗಣಕಯಂತ್ರ ಪ್ರತಿ ಅಳತೆಯನ್ನೂ ಬಂದಕೂಡಲೇ ಸಾಗಿಸುವುದಿಲ್ಲ. ಒಂದಿಷ್ಟನ್ನು ಕೂಡಿಹಾಕಿಕೊಂಡು ಒಟ್ಟಿಗೆ ಸಾಗಿಸುತ್ತದೆ. ಈ ಸಂಗ್ರಹಕ್ಕೆ ಬಫರ್ ಎಂದು ಹೆಸರು. ಬಫರ್ ದೊಡ್ಡದಿದ್ದರೆ ಪೂರೈಕೆ ಎಂದೂ ತಪ್ಪುವುದಿಲ್ಲ, ಆದರೆ ಸರಕು ಹಳೆಯದಾಗಿರುತ್ತದೆ, ಅಂದರೆ ಧ್ವನಿ ತಡವಾಗಿ ಕೇಳುತ್ತದೆ. ಬಫರ್ ಚಿಕ್ಕದಿದ್ದರೆ ಸರಕು ತಾಜಾ, ಆದರೆ ಯಂತ್ರ ಕ್ಷಣಮಾತ್ರ ಬೇರೆ ಕೆಲಸಕ್ಕೆ ತಿರುಗಿದರೂ ದಾಸ್ತಾನು ಬರಿದಾಗಿ ‘ಚಟ್’ ಎಂಬ ಸದ್ದು ಮುದ್ರಣದಲ್ಲಿ ಸೇರಿಕೊಳ್ಳುತ್ತದೆ.

ಸೆಕೆಂಡಿಗೆ 48,000 ಅಳತೆಯ ವೇಗದಲ್ಲಿ 256 ಅಳತೆಗಳ ಬಫರ್ ಎಂದರೆ 5.3 ಮಿಲಿಸೆಕೆಂಡ್. ಒಳಬರುವಾಗ ಒಂದು, ಹೊರಹೋಗುವಾಗ ಒಂದು ಬಫರ್ ಎಂದು ಲೆಕ್ಕ ಹಿಡಿದರೆ 10.7 ಮಿಲಿಸೆಕೆಂಡ್. ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುವುದರಿಂದ, ಈ ವಿಳಂಬವು 12 ಅಡಿ ದೂರದಲ್ಲಿ ಕುಳಿತ ತಬಲಾ ವಾದಕರನ್ನು ಕೇಳಿದಂತೆ. ಅನೇಕರು ಇದಕ್ಕೆ ಹೊಂದಿಕೊಳ್ಳಬಲ್ಲರು. ಬಫರನ್ನು 1,024ಕ್ಕೆ ಏರಿಸಿದರೆ ಒಟ್ಟು ವಿಳಂಬ 42.7 ಮಿಲಿಸೆಕೆಂಡ್, ಆಗ ತಬಲಾ ವಾದಕರು 48 ಅಡಿ ದೂರ ಸರಿದಂತಾಯಿತು. ಆ ಸ್ಥಿತಿಯಲ್ಲಿ ದ್ರುತಲಯದಲ್ಲಿ ಹಾಡುವುದು ಕಷ್ಟಸಾಧ್ಯ. ಉಪಕರಣದ ಒಳಗಿನ ಪರಿವರ್ತನೆಗೆ ತಗಲುವ ಕಾಲ ಇದಕ್ಕೆ ಸೇರುತ್ತದೆ.

ಪರಿಹಾರಗಳು ಮೂರು. ಮೊದಲನೆಯದು, ಧ್ವನಿ ಉಪಕರಣದ ತಯಾರಕರೇ ಒದಗಿಸುವ ಎ.ಎಸ್.ಐ.ಓ. ಚಾಲಕ ತಂತ್ರಾಂಶವನ್ನು ಬಳಸುವುದು. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ ರೂಪಿಸಿದ ಈ ಪದ್ಧತಿಯು ವಿಂಡೋಸ್ ವ್ಯವಸ್ಥೆಯ ಮಧ್ಯಂತರ ಹಂತಗಳನ್ನು ತಪ್ಪಿಸಿ ಉಪಕರಣದೊಡನೆ ನೇರವಾಗಿ ವ್ಯವಹರಿಸುತ್ತದೆ. ಎರಡನೆಯದು, ಹಾಡುವಾಗ ಬಫರನ್ನು ಚಿಕ್ಕದಾಗಿಟ್ಟು, ಮಿಶ್ರಣ ಮಾಡುವಾಗ ದೊಡ್ಡದಾಗಿಸುವುದು. ಮಿಶ್ರಣದ ಹೊತ್ತಿಗೆ ಯಾರೂ ಹಾಡುತ್ತಿರುವುದಿಲ್ಲವಾದ್ದರಿಂದ ವಿಳಂಬದಿಂದ ಬಾಧಕವಿಲ್ಲ. ಮೂರನೆಯದು, ನೇರ ಆಲಿಸುವಿಕೆಯ ಸೌಲಭ್ಯವಿರುವ ಉಪಕರಣವನ್ನು ಆರಿಸುವುದು. ಇದರಲ್ಲಿ ಗಾಯಕರ ಧ್ವನಿ ಗಣಕಯಂತ್ರವನ್ನು ಸುತ್ತಿಬರದೆ ಉಪಕರಣದಿಂದಲೇ ಹೆಡ್‌ಫೋನಿಗೆ ತಲುಪುತ್ತದೆ. ಹಳೆಯ ಯಂತ್ರ ಉಳ್ಳವರಿಗೆ ಈ ಮೂರನೆಯ ಮಾರ್ಗವೇ ಅತ್ಯಂತ ಅಗ್ಗದ ಹಾಗೂ ಖಚಿತವಾದ ಪರಿಹಾರ.

4. ಹಣ ಎಲ್ಲಿ ಹೂಡಬೇಕು?

ಮುದ್ರಣದ ಗುಣಮಟ್ಟವು ಒಂದು ಸರಪಳಿಯಂತೆ: ಕಲಾವಿದರು, ಕೊಠಡಿ, ಮೈಕು, ಧ್ವನಿ ಉಪಕರಣ, ಗಣಕಯಂತ್ರ ಎಂಬ ಕ್ರಮದಲ್ಲಿ ಅದು ಸಾಗುತ್ತದೆ. ಮೊದಲ ಕೊಂಡಿಯಲ್ಲಿ ಉಂಟಾದ ದೋಷವನ್ನು ಕೊನೆಯ ಕೊಂಡಿ ಪೂರ್ತಿಯಾಗಿ ಸರಿಪಡಿಸಲಾರದು. ಕಚ್ಚಾ ಸಾಮಗ್ರಿ ಕಳಪೆಯಾಗಿದ್ದರೆ ಯಂತ್ರ ಎಷ್ಟೇ ಉತ್ತಮವಾಗಿದ್ದರೂ ಸಿದ್ಧವಸ್ತು ಸುಧಾರಿಸದೆಂಬುದು ತಯಾರಕರಿಗೆ ತಿಳಿದ ಸತ್ಯ.

ಕೊಠಡಿ: ಖಾಲಿ ಗೋಡೆ ಹಾಗೂ ನುಣುಪು ನೆಲವಿರುವ ಚಿಕ್ಕ ಕೋಣೆಯಲ್ಲಿ ಧ್ವನಿ ಮರುಕಳಿಸಿ ಹಾಡಿಗೆ ಟೊಳ್ಳು ನಾದ ಬರುತ್ತದೆ. ದಪ್ಪ ಹಾಸಿಗೆ, ಕೌದಿ, ಪುಸ್ತಕದ ಕಪಾಟು, ಬಟ್ಟೆ ತುಂಬಿದ ಬೀರು ಇವೆಲ್ಲ ಈ ಮರುಕಳಿಕೆಯನ್ನು ಹೀರಿಕೊಳ್ಳುತ್ತವೆ. ಈ ದೃಷ್ಟಿಯಿಂದ ಜವಳಿ ವರ್ತಕರ ಬಟ್ಟೆ ತುಂಬಿದ ಗೋದಾಮು ಒಳ್ಳೆಯ ಮುದ್ರಣ ಕೊಠಡಿಯಾಗಬಲ್ಲದು. ಆದರೆ ಮರುಕಳಿಕೆಯನ್ನು ತಗ್ಗಿಸುವುದು ಬೇರೆ, ಹೊರಗಿನ ಸದ್ದನ್ನು ತಡೆಯುವುದು ಬೇರೆ. ವಾಹನಗಳ ಸದ್ದನ್ನು ತಡೆಯಲು ದಪ್ಪ ಗೋಡೆಯೂ ಭದ್ರವಾಗಿ ಮುಚ್ಚುವ ಬಾಗಿಲೂ ಬೇಕು. ಗೋಡೆಗೆ ಮೊಟ್ಟೆಯ ತಟ್ಟೆಗಳನ್ನು ಅಂಟಿಸಿದರೆ ಅದು ನಿಲ್ಲುವುದಿಲ್ಲ. ಪೇಟೆಯ ಮನೆಗಳಲ್ಲಿ ರಾತ್ರಿ ತಡವಾಗಿ ಅಥವಾ ಬೆಳಗಿನ ಜಾವ, ಫ್ಯಾನು ನಿಲ್ಲಿಸಿ ಹಾಡುವುದೇ ಖರ್ಚಿಲ್ಲದ ಉಪಾಯ.

ಮೈಕು ಮತ್ತು ಧ್ವನಿ ಉಪಕರಣ: ಲ್ಯಾಪ್‌ಟಾಪಿನೊಳಗಿನ ಮೈಕು ಮಾತುಕತೆಗೆ ಸಾಕು, ಸಂಗೀತಕ್ಕೆ ಸಾಲದು. ಡೈನಮಿಕ್ ಮೈಕು ಗಟ್ಟಿಮುಟ್ಟಾದದ್ದು, ಕೊಠಡಿಯ ಸದ್ದನ್ನು ಅಷ್ಟಾಗಿ ಹಿಡಿಯುವುದಿಲ್ಲ. ಕಂಡೆನ್ಸರ್ ಮೈಕು ಹೆಚ್ಚು ಸೂಕ್ಷ್ಮ. ಆದರೆ ಅದಕ್ಕೆ ಸಾಮಾನ್ಯವಾಗಿ 48 ವೋಲ್ಟ್ ಪೂರೈಕೆ ಬೇಕು, ಮತ್ತು ಅದು ಕೊಠಡಿಯ ಎಲ್ಲ ದೋಷಗಳನ್ನೂ ಮುದ್ರಿಸಿಕೊಳ್ಳುತ್ತದೆ. ಮೈಕನ್ನು ಗಣಕಯಂತ್ರಕ್ಕೆ ಜೋಡಿಸಲು ಎರಡು ಅಥವಾ ನಾಲ್ಕು ಮಾರ್ಗಗಳ ಯು.ಎಸ್.ಬಿ. ಧ್ವನಿ ಉಪಕರಣ, ಅಂದರೆ ಆಡಿಯೋ ಇಂಟರ್‌ಫೇಸ್, ಅಗತ್ಯ.

ವಿದ್ಯುತ್: ನಮ್ಮ ದೇಶದ ವಿದ್ಯುತ್ ಪೂರೈಕೆ 50 ಹರ್ಟ್ಸ್‌ನದು. ಅರ್ತಿಂಗ್ ಸರಿಯಿಲ್ಲದಿದ್ದರೆ ಈ ಕಂಪನ ಗುಂಯ್‌ಗುಡುವ ಸದ್ದಾಗಿ ಮುದ್ರಣದಲ್ಲಿ ಸೇರುತ್ತದೆ. ಎಲ್ಲ ಉಪಕರಣಗಳನ್ನು ಒಂದೇ ಕಡೆಯಿಂದ ಜೋಡಿಸುವುದು, ಮುದ್ರಣದ ವೇಳೆ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸುವುದು ಉಪಯುಕ್ತ. ಸದ್ದು ನಿಲ್ಲಿಸಲೆಂದು ಅರ್ತಿಂಗ್ ತಂತಿಯನ್ನೇ ಬಿಚ್ಚುವುದು ಪ್ರಾಣಾಪಾಯಕರ. ಅದನ್ನು ಎಂದಿಗೂ ಮಾಡಬಾರದು.

ಗಣಕಯಂತ್ರ: ನಾಲ್ಕು ಕೋರ್‌ಗಳ ಪ್ರೊಸೆಸರ್, 8 ಗಿಗಾಬೈಟ್ ರ್‍ಯಾಮ್ ಹಾಗೂ ಒಂದು ಎಸ್.ಎಸ್.ಡಿ. ಇದ್ದರೆ ಮೇಲೆ ಹೇಳಿದ ಭಾವಗೀತೆಯಂತಹ ಕೆಲಸ ಸುಗಮವಾಗಿ ಸಾಗುತ್ತದೆ. ಹಳೆಯ ಯಂತ್ರಕ್ಕೆ ರ್‍ಯಾಮ್ ಹೆಚ್ಚಿಸಿ ಎಸ್.ಎಸ್.ಡಿ. ಅಳವಡಿಸುವುದು ಹೊಸ ಯಂತ್ರ ಕೊಳ್ಳುವುದಕ್ಕಿಂತ ಮೊದಲು ಪರಿಶೀಲಿಸಬೇಕಾದ ಮಾರ್ಗ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದನ್ನು ಮಾತ್ರ ಗಮನದಲ್ಲಿಡಬೇಕು. ವಿಂಡೋಸ್ 11ಕ್ಕೆ ಅರ್ಹವಲ್ಲದ ಯಂತ್ರವನ್ನು ಅಂತರ್ಜಾಲದ ಸಂಪರ್ಕವಿಲ್ಲದೆ ಮುದ್ರಣಕ್ಕಷ್ಟೇ ಮೀಸಲಿಡಬಹುದು, ಇಲ್ಲವೇ ಅದರಲ್ಲಿ ಲಿನಕ್ಸ್ ಅಳವಡಿಸಬಹುದು.

5. ಎರಡು ದೃಷ್ಟಾಂತಗಳು

ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ ಆರಂಭದಲ್ಲಿ ನ್ಯೂ ಜೆರ್ಸಿಯ ತಮ್ಮ ಮನೆಯಲ್ಲಿ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದ ಮೇಲೆ ಕೆಲವು ಹಾಡುಗಳನ್ನು ಮುದ್ರಿಸಿಕೊಂಡರು. ಟಾಸ್ಕ್ಯಾಮ್ ಸಂಸ್ಥೆಯ ಪೋರ್ಟಾಸ್ಟುಡಿಯೋ ಎಂಬ ಆ ಯಂತ್ರ ಗೃಹಬಳಕೆಯ ಸಾಧನವೇ ಆಗಿತ್ತು. ಅವು ತಮ್ಮ ವಾದ್ಯವೃಂದಕ್ಕೆ ಕೇಳಿಸಲು ಮಾಡಿದ ಕರಡು ಮುದ್ರಣಗಳು. ಅನಂತರ ವೃತ್ತಿಪರ ಸ್ಟುಡಿಯೋದಲ್ಲಿ ವಾದ್ಯವೃಂದದೊಡನೆ ಹಾಡಿದಾಗ ಮೊದಲಿನ ಭಾವ ಮೂಡಲಿಲ್ಲ. ಕೊನೆಗೆ ಕ್ಯಾಸೆಟ್ಟಿನ ಮುದ್ರಣವನ್ನೇ ಅದೇ ವರ್ಷ ‘ನೆಬ್ರಾಸ್ಕಾ’ ಎಂಬ ಸಂಪುಟವಾಗಿ ಹೊರತರಲಾಯಿತು. ಗಿಟಾರ್, ಹಾರ್ಮೋನಿಕಾ ಹಾಗೂ ಒಂಟಿ ಕಂಠ ಪ್ರಧಾನವಾದ ಆ ಹಾಡುಗಳಿಗೆ ಆ ಯಂತ್ರ ಸಾಕಾಯಿತು.

ಎರಡನೆಯದು ಗಣಕಯಂತ್ರದ ಕಾಲದ್ದು. ಬಿಲ್ಲಿ ಐಲಿಷ್ ಅವರ 2019ರ ಮೊದಲ ಸಂಪುಟವನ್ನು ಅವರ ಅಣ್ಣ ಫಿನಿಯಸ್ ಓ’ಕಾನೆಲ್ ಬಹುಮಟ್ಟಿಗೆ ಲಾಸ್ ಏಂಜಲಿಸ್‌ನ ಮನೆಯ ಮಲಗುವ ಕೋಣೆಯಲ್ಲಿ ಮುದ್ರಿಸಿದರು. 2020ರ ಜನವರಿಯಲ್ಲಿ ಅದಕ್ಕೆ ವರ್ಷದ ಶ್ರೇಷ್ಠ ಸಂಪುಟವೆಂಬ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ಆದರೆ ಅಂತಿಮ ಮಿಶ್ರಣ ಹಾಗೂ ಮಾಸ್ಟರಿಂಗ್ ಕೆಲಸವನ್ನು ಅವರು ನುರಿತ ತಜ್ಞರಿಗೆ ವಹಿಸಿದ್ದರು. ಮುದ್ರಣ ಮನೆಯಲ್ಲಿ, ಅಂತಿಮ ಸಂಸ್ಕರಣ ತಜ್ಞರಲ್ಲಿ ಎಂಬ ಈ ಶ್ರಮ ವಿಭಜನೆಯು ಸಣ್ಣ ಉದ್ಯಮಿಗಳಿಗೂ ಅನುಕರಣೀಯ.

ಇವೆರಡರಿಂದ ಸ್ಟುಡಿಯೋಗಳೇ ಅನಗತ್ಯವೆಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಡೊಳ್ಳು ಕುಣಿತದ ತಂಡ, ನಾಗಸ್ವರ ಹಾಗೂ ಡೋಲು, ಹತ್ತಾರು ಗಾಯಕರ ವೃಂದಗಾನ ಇವುಗಳಿಗೆ ವಿಶಾಲವಾದ ಕೊಠಡಿಯೂ ಅನೇಕ ಮೈಕುಗಳೂ ಬೇಕು. ಸ್ಟುಡಿಯೋಗೆ ತೆರುವ ಬಾಡಿಗೆ ಮುಖ್ಯವಾಗಿ ಅಲ್ಲಿನ ಕೊಠಡಿಗೂ ಅಲ್ಲಿ ಕುಳಿತ ತಜ್ಞರ ಕಿವಿಗೂ ಸಲ್ಲುವ ಬೆಲೆ.

6. ಕೊಳ್ಳುವ ಮೊದಲು ಪರೀಕ್ಷೆ

ಇರುವ ಯಂತ್ರ ಸಾಕೇ ಎಂಬುದನ್ನು ಒಂದು ಸಂಜೆಯಲ್ಲಿ ಪರೀಕ್ಷಿಸಬಹುದು.

ಅ) 2000ನೆಯ ಇಸವಿಯಿಂದ ಉಚಿತವಾಗಿ ದೊರೆಯುತ್ತಿರುವ ಆಡಾಸಿಟಿ ತಂತ್ರಾಂಶವನ್ನು ಅದರ ಅಧಿಕೃತ ತಾಣದಿಂದಲೇ ಪಡೆದು ಅಳವಡಿಸಬೇಕು.
ಆ) 48,000 ಹರ್ಟ್ಸ್, 24 ಬಿಟ್ ಆಯ್ದುಕೊಂಡು, ಸ್ನೇಹಿತರಿಂದ ಎರವಲು ಪಡೆದ ಮೈಕು ಹಾಗೂ ಧ್ವನಿ ಉಪಕರಣದಿಂದ ಹತ್ತು ನಿಮಿಷ ಎಡೆಬಿಡದೆ ಮುದ್ರಿಸಬೇಕು.
ಇ) ಅದನ್ನು ನುಡಿಸುತ್ತಲೇ ಎರಡನೆಯ ಟ್ರ್ಯಾಕನ್ನು ಮುದ್ರಿಸಬೇಕು. ಹೀಗೆಯೇ ಎಂಟು ಟ್ರ್ಯಾಕುಗಳವರೆಗೆ ಮುಂದುವರಿಯಬೇಕು.
ಈ) ಹೆಡ್‌ಫೋನಿನಲ್ಲಿ ಆಲಿಸಿ ‘ಚಟ್’ ಸದ್ದು, ತುಂಡರಿಕೆ ಇವೆಯೇ ಎಂದು ನೋಡಬೇಕು.
ಉ) ದೋಷ ಕಂಡರೆ ಮೊದಲು ವೈ-ಫೈ ಆರಿಸಿ, ಮೋಡ ಸಂಗ್ರಹದ ಸೇವೆಗಳನ್ನು ನಿಲ್ಲಿಸಿ, ವಿದ್ಯುತ್ ಉಳಿತಾಯದ ವ್ಯವಸ್ಥೆಯನ್ನು ಬದಲಿಸಿ, ಬಫರನ್ನು ಹೆಚ್ಚಿಸಿ ಮತ್ತೆ ಪರೀಕ್ಷಿಸಬೇಕು.

ಇಷ್ಟಾದ ಮೇಲೂ ದೋಷ ಉಳಿದರೆ ಮಾತ್ರ ಯಂತ್ರದ ಮೇಲೆ ಖರ್ಚು ಮಾಡುವ ವಿಚಾರ. ಮೂಲ ಮುದ್ರಣವನ್ನು ಯಾವಾಗಲೂ ವೇವ್ ರೂಪದಲ್ಲಿ ಉಳಿಸಿಕೊಳ್ಳಬೇಕು. ಎಂಪಿ3 ರೂಪವು ಗಾತ್ರ ತಗ್ಗಿಸುವ ಸಲುವಾಗಿ ಧ್ವನಿಯ ಕೆಲವು ಅಂಶಗಳನ್ನು ಕೈಬಿಡುತ್ತದೆ. ಕೈಬಿಟ್ಟದ್ದು ಮರಳಿ ಬಾರದು.

7. ಲಾಭ-ನಷ್ಟದ ಲೆಕ್ಕ

ಈ ಕೆಳಗಿನ ಮೊತ್ತಗಳು ಲೆಕ್ಕದ ವಿಧಾನವನ್ನು ತೋರಿಸಲು ಭಾವಿಸಿಕೊಂಡವು, ಮಾರುಕಟ್ಟೆಯ ದರಗಳಲ್ಲ. ಮೈಕು, ಧ್ವನಿ ಉಪಕರಣ, ಹೆಡ್‌ಫೋನ್, ರ್‍ಯಾಮ್ ಹಾಗೂ ಎಸ್.ಎಸ್.ಡಿ. ಸೇರಿ 36,000 ರೂಪಾಯಿ ಎಂದುಕೊಳ್ಳೋಣ. ನಾಲ್ಕು ವರ್ಷ ಬಾಳಿಕೆ ಎಂದರೆ ವಾರ್ಷಿಕ 9,000 ರೂಪಾಯಿ. ದುರಸ್ತಿ ಇತ್ಯಾದಿಗೆ 3,000 ಸೇರಿಸಿದರೆ 12,000 ರೂಪಾಯಿ. ಊರಿನ ಸ್ಟುಡಿಯೋ ಬಾಡಿಗೆ ಗಂಟೆಗೆ 800 ರೂಪಾಯಿ ಇದ್ದರೆ, 12,000ವನ್ನು 800ರಿಂದ ಭಾಗಿಸಿದಾಗ 15 ಗಂಟೆ. ವರ್ಷಕ್ಕೆ 15 ಗಂಟೆಗಿಂತ ಕಡಿಮೆ ಕೆಲಸವಿದ್ದರೆ ಸ್ಟುಡಿಯೋ ಬಾಡಿಗೆಯೇ ಲಾಭಕರ. ಅದಕ್ಕಿಂತ ಹೆಚ್ಚಿದ್ದರೆ ಸ್ವಂತ ಉಪಕರಣ. ಸ್ಟುಡಿಯೋದಲ್ಲಿ ಒಂದು ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ಮನೆಯಲ್ಲಿ ಎರಡು-ಮೂರು ಗಂಟೆ ತಗಲಬಹುದಾದ್ದರಿಂದ, ಹೋಲಿಕೆ ಮಾಡುವಾಗ ಸ್ಟುಡಿಯೋದ ಗಂಟೆಗಳನ್ನೇ ಹಿಡಿಯಬೇಕು. ಒಂದೇ ಜಾಹೀರಾತು ಗೀತೆಗಾಗಿ ಉಪಕರಣ ಕೊಳ್ಳುವುದು ಸೂಕ್ತವಲ್ಲ. ನಿತ್ಯ ಸಾಧನೆಯ ವಿದ್ಯಾರ್ಥಿಗಾದರೆ ಲೆಕ್ಕವೇ ಬೇರೆ. ತನ್ನ ಹಾಡನ್ನು ತಾನೇ ಕೇಳಿ ತಿದ್ದಿಕೊಳ್ಳುವ ಅವಕಾಶಕ್ಕೆ ಗಂಟೆಯ ಬಾಡಿಗೆಯಲ್ಲಿ ಬೆಲೆ ಕಟ್ಟಲಾಗದು.

ತೆರಿಗೆಯ ದೃಷ್ಟಿಯಿಂದ, ವ್ಯಾಪಾರಕ್ಕೆ ಬಳಸಿದ ಭಾಗಕ್ಕೆ ಮಾತ್ರ ಸವಕಳಿ ಹಾಗೂ ಜಿ.ಎಸ್.ಟಿ. ಹೂಡುವಳಿ ತೆರಿಗೆಯ ಜಮೆ ಸಲ್ಲುತ್ತದೆ. ಮಗಳ ಸಂಗೀತಾಭ್ಯಾಸಕ್ಕೆ ಕೊಂಡ ಮೈಕನ್ನು ಅಂಗಡಿಯ ಖರ್ಚಿನಲ್ಲಿ ತೋರಿಸುವಂತಿಲ್ಲ. 1962ರ ಆದಾಯ ತೆರಿಗೆ ನಿಯಮಗಳಲ್ಲಿ ಗಣಕಯಂತ್ರ ಹಾಗೂ ಅದರ ತಂತ್ರಾಂಶದ ಸವಕಳಿ ದರವನ್ನು ಶೇ. 60ರಿಂದ ಶೇ. 40ಕ್ಕೆ 2017ರ ಏಪ್ರಿಲ್ 1ರಿಂದ ಇಳಿಸಲಾಗಿತ್ತು. ಸಾಮಾನ್ಯ ಯಂತ್ರಸಾಮಗ್ರಿಗೆ ಶೇ. 15 ದರವಿತ್ತು. 2025ರ ಹೊಸ ಆದಾಯ ತೆರಿಗೆ ಅಧಿನಿಯಮ 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ ಆಯಾ ವರ್ಷದ ದರವನ್ನು ಲೆಕ್ಕಪರಿಶೋಧಕರಿಂದ ಖಚಿತಪಡಿಸಿಕೊಳ್ಳಬೇಕು. ಬಿಲ್ಲಿನಲ್ಲಿರುವ ತೆರಿಗೆಯ ಮೊತ್ತವನ್ನು ಆಸ್ತಿಯ ಬೆಲೆಗೆ ಸೇರಿಸಿ ಸವಕಳಿ ಪಡೆದರೆ, ಅದೇ ತೆರಿಗೆಗೆ ಜಮೆ ಪಡೆಯಲು ಬರುವುದಿಲ್ಲ.

8. ಲೆಕ್ಕಪತ್ರಗಳ ಸುರಕ್ಷತೆ

ಈ ಅಧ್ಯಯನದಲ್ಲಿ ವರ್ತಕರು ಅತ್ಯಂತ ಗಂಭೀರವಾಗಿ ಪರಿಗಣಿಸಬೇಕಾದ ಅಂಶ ಇದು. ಕಳ್ಳಪ್ರತಿಯ ಸಂಗೀತ ತಂತ್ರಾಂಶವನ್ನು ಅಳವಡಿಸುವಾಗ ವೈರಸ್ ನಿರೋಧಕವನ್ನು ನಿಲ್ಲಿಸುವಂತೆ ಸೂಚನೆ ಇರುವುದುಂಟು. ಕಾವಲುಗಾರನನ್ನು ಮನೆಗೆ ಕಳಿಸಿ ಬಾಗಿಲು ತೆರೆದಿಟ್ಟಂತೆಯೇ ಸರಿ. ಕಡತಗಳನ್ನೆಲ್ಲ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ ಆ ಮಾರ್ಗದಲ್ಲಿ ನುಸುಳಿದರೆ ಹಾಡಿನ ಜೊತೆಗೆ ಖಾತೆಗಳೂ ಹೋಗುತ್ತವೆ. ಜಿ.ಎಸ್.ಟಿ. ಕಾಯಿದೆಯಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಗಡುವು ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಸಂಗೀತ ತಂತ್ರಾಂಶದಿಂದ ನಾಶವಾಯಿತೆಂಬ ಸಮಜಾಯಿಷಿಯಿಂದ ಆ ಹೊಣೆ ತೀರುವುದಿಲ್ಲ. ಕಳ್ಳಪ್ರತಿಯೆಂದು ತಿಳಿದೂ ಬಳಸುವುದು 1957ರ ಕೃತಿಸ್ವಾಮ್ಯ ಅಧಿನಿಯಮದ 63ಬಿ ಕಲಮಿನಂತೆ ದಂಡನೀಯ ಅಪರಾಧವೂ ಹೌದು.

ಆದುದರಿಂದ ಖಾತೆಗಳ ಯಂತ್ರವನ್ನೂ ಸಂಗೀತದ ಯಂತ್ರವನ್ನೂ ಬೇರ್ಪಡಿಸುವುದು ಶ್ರೇಯಸ್ಕರ. ಒಂದೇ ಯಂತ್ರವಿದ್ದಲ್ಲಿ ಸಂಗೀತಕ್ಕೆ ಆಡಳಿತಾಧಿಕಾರವಿಲ್ಲದ ಪ್ರತ್ಯೇಕ ಬಳಕೆದಾರ ಖಾತೆ ತೆರೆಯಬೇಕು. ಖಾತೆಗಳ ಪ್ರತಿಯನ್ನು ಯಂತ್ರಕ್ಕೆ ಸದಾ ಜೋಡಿಸಿರದ ಹೊರಗಿನ ಡಿಸ್ಕಿನಲ್ಲಿ ಕ್ರಮವಾಗಿ ತೆಗೆದಿಡಬೇಕು. ಆಡಾಸಿಟಿ, ಆರ್ಡರ್ ಮೊದಲಾದ ಮುಕ್ತ ತಂತ್ರಾಂಶಗಳು ಇರುವಾಗ ಕಳ್ಳಪ್ರತಿಯ ಅಗತ್ಯವೇ ಬೀಳುವುದಿಲ್ಲ.

9. ಹಾಡಿನ ಹಕ್ಕು

ಜಾಹೀರಾತಿಗೆ ಜನಪ್ರಿಯ ಚಿತ್ರಗೀತೆಯ ಧಾಟಿಯನ್ನು ಬಳಸಿ ಹೊಸ ಸಾಹಿತ್ಯ ಹಾಡಿಸಿದರೆ ತೊಂದರೆಯಿಲ್ಲವೆಂಬ ಭಾವನೆ ತಪ್ಪು. ಸಾಹಿತ್ಯ, ಸ್ವರ ಸಂಯೋಜನೆ ಹಾಗೂ ಧ್ವನಿಮುದ್ರಣ ಇವು ಮೂರಕ್ಕೂ ಪ್ರತ್ಯೇಕ ಹಕ್ಕುಗಳಿವೆ. ಹೊಸ ಗೀತೆಯನ್ನೇ ಬರೆಸಿದಾಗಲೂ ಹಣ ಕೊಟ್ಟ ಮಾತ್ರಕ್ಕೆ ಎಲ್ಲ ಹಕ್ಕುಗಳೂ ತಾವಾಗಿ ವರ್ತಕರಿಗೆ ಬಂದುವೆಂದು ತಿಳಿಯಬಾರದು. ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಡನೆ ಆಗಬೇಕು. ಒಪ್ಪಂದದಲ್ಲಿ ಅವಧಿ ನಮೂದಿಸದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಕಾನೂನು ಪರಿಗಣಿಸುತ್ತದೆ. ಮನೆಯಲ್ಲಿ ಮುದ್ರಿಸಿದ ಹಾಡಿಗೂ ಇದೇ ನಿಯಮ. ನೆರೆಮನೆಯ ಹುಡುಗಿ ಹಾಡಿದಳೆಂದು ಕರಾರನ್ನೂ ಸಂಭಾವನೆಯನ್ನೂ ಬಿಟ್ಟುಬಿಡುವುದು ನ್ಯಾಯವೂ ಅಲ್ಲ, ವಿವೇಕವೂ ಅಲ್ಲ.

ಉಪಸಂಹಾರ

ಸಾಧಾರಣ ಗೃಹ ಗಣಕಯಂತ್ರವು ಸಂಗೀತ ಧ್ವನಿಮುದ್ರಣವನ್ನು ನಿಭಾಯಿಸಬಲ್ಲದೇ ಎಂಬ ಪ್ರಶ್ನೆಗೆ, ಕೆಲವೇ ಕಂಠ ಹಾಗೂ ವಾದ್ಯಗಳ ಮಟ್ಟಿಗೆ ನಿಸ್ಸಂದೇಹವಾಗಿ ಬಲ್ಲದು ಎಂಬುದೇ ಉತ್ತರ. ಕೃತಕ ವಾದ್ಯಗಳ ದೊಡ್ಡ ವೃಂದಕ್ಕೆ ಹೆಚ್ಚಿನ ಸ್ಮರಣೆ ಬೇಕು. ದೊಡ್ಡ ತಂಡಕ್ಕೆ ಸ್ಟುಡಿಯೋ ಬೇಕು. ಹಣವಿದ್ದಲ್ಲಿ ಮೊದಲು ಕೊಠಡಿ ಹಾಗೂ ಮೈಕು, ಅನಂತರ ಧ್ವನಿ ಉಪಕರಣ, ಕೊನೆಯಲ್ಲಿ ಗಣಕಯಂತ್ರ ಎಂಬ ಕ್ರಮವನ್ನು ಪಾಲಿಸಬೇಕು. ಅಂಗಡಿಯ ಲೆಕ್ಕ ಹಾಗೂ ಮನೆಯ ಸಂಗೀತ ಎರಡೂ ಒಂದೇ ಸೂರಿನಡಿ ಇರಬಹುದು. ಆದರೆ ಅವು ಒಂದರ ದಾರಿಗೆ ಇನ್ನೊಂದು ಅಡ್ಡ ಬಾರದಂತೆ ನೋಡಿಕೊಳ್ಳುವ ಹೊಣೆ ಯಜಮಾನರದು. ಕೊಳ್ಳುವ ಪಟ್ಟಿಯನ್ನು ಬರೆಯುವ ಮೊದಲು ಇರುವ ಯಂತ್ರದಲ್ಲಿ ಒಂದು ಹಾಡನ್ನು ಮುದ್ರಿಸಿ ಕೇಳಿದರೆ, ಆ ಪಟ್ಟಿ ಎಷ್ಟು ಉದ್ದವಿರಬೇಕೆಂಬುದು ತಾನಾಗಿ ತಿಳಿಯುತ್ತದೆ.